ಹಳೇ ಸಾಲಕ್ಕೆ ಕೋರ್ಟಿನ ಕಾಗದ ಬಂದರೆ...

ಕೋರ್ಟಿನ ಮುದ್ರೆ ಇರೋ ಕಾಗದ ಮನೆಗೆ ಬಂದರೆ ನಮ್ಮಲ್ಲಿ ಹೆಚ್ಚಿನವರು ಮಾಡೋದು ಎರಡೇ ಕೆಲಸ. 'ಯಜಮಾನರು ಮನೇಲಿಲ್ಲ, ಆಮೇಲೆ ಬನ್ನಿ' ಅಂತ ಹೇಳಿ ಬಾಗಿಲು ಹಾಕಿಕೊಳ್ಳೋದು ಒಂದು. ಕಾಗದ ಇಸ್ಕೊಂಡು ಕರೆಂಟ್ ಬಿಲ್ಲು, ಮದುವೆ ಕರೆಯೋಲೆಗಳ ಜೊತೆ ಟಿ.ವಿ. ಮೇಲಿಟ್ಟು ಮರೆತುಬಿಡೋದು ಇನ್ನೊಂದು. ಎರಡೂ ದುಬಾರಿಯಾಗುತ್ತೆ. ಯಾಕೆ ಅಂತೀರಾ? ಮನೆಯ ಯಜಮಾನರು ಇಲ್ಲದ ಹೊತ್ತಲ್ಲಿ ಜೊತೆಗಿರುವ ಪ್ರಾಯಕ್ಕೆ ಬಂದ ಯಾರಾದರೂ, ಹೆಂಗಸಾದರೂ ಸರಿ, ಕಾಗದ ಪಡೆದರೆ ಅದು ಅವರಿಗೇ ಮುಟ್ಟಿದ ಹಾಗೆ ಅನ್ನುತ್ತೆ ಕಾನೂನು. ತಗೊಳ್ಳಲ್ಲ ಅಂದರೆ ಅಮೀನರು ಬಾಗಿಲಿಗೆ ಅಂಟಿಸಿ ಹೋಗಬಹುದು. ಅದನ್ನೇ ಮುಟ್ಟಿದ್ದು ಅಂತ ಕೋರ್ಟು ತೀರ್ಮಾನಿಸಬಹುದು. ನಾವು ಬಾಗಿಲು ಹಾಕಿಕೊಂಡ ಮಾತ್ರಕ್ಕೆ ಅಲ್ಲಿ ಕೇಸು ನಿಂತುಹೋಗುವುದಿಲ್ಲ.

ಈ ವಿಷಯ ಬರೆಯಬೇಕು ಅನ್ನಿಸಿದ್ದು ನನ್ನ ಕಾಲೇಜು ಗೆಳತಿಯೊಬ್ಬಳಿಂದ. ಅವಳಿರೋದು ಬೆಂಗಳೂರಿನಲ್ಲಿ, ಗಂಡನ ಊರು ತೀರ್ಥಹಳ್ಳಿ ತಾಲ್ಲೂಕಿನ ಕೋಣಂದೂರಿನ ಹತ್ತಿರ. ಎರಡು ಎಕರೆ ಅಡಿಕೆ ತೋಟ, ಹಳೇ ಹೆಂಚಿನ ಮನೆ. ಮಾವ ತೀರಿಕೊಂಡು ಐದು ವರ್ಷವಾಗಿತ್ತು. ಒಂದು ದಿನ ಅತ್ತೆಯ ಫೋನು. 'ಕೋರ್ಟಿಂದ ಅಮೀನ್ರು ಬಂದಿದ್ರು ಕಣೆ, ಎಂತದೋ ಕಾಗ್ದ ಕೊಟ್ಟು ಹೋದ್ರು. ನನ್ ಹೆಸ್ರೂ ಉಂಟಂತೆ ಅದ್ರಲ್ಲಿ. ಈ ವಯಸ್ಸಲ್ಲಿ ನನ್ನ ಜೈಲಿಗೆ ಹಾಕ್ತಾರೇನೆ?'

ನೋಡಿ, ಆ ಅತ್ತೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡ್ತೀನಿ. ಇಲ್ಲ, ಹಾಕೋದಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 56ನೇ ಕಲಂ ಪ್ರಕಾರ ಹಣ ಕಟ್ಟಬೇಕೆಂಬ ಡಿಕ್ರಿಯ ಜಾರಿಗಾಗಿ ಯಾವ ಹೆಂಗಸನ್ನೂ ಬಂಧಿಸುವಂತಿಲ್ಲ. ವಯಸ್ಸು ಎಷ್ಟೇ ಇರಲಿ, ಸಾಲ ಎಷ್ಟೇ ಇರಲಿ. ಈ ಒಂದು ಸಾಲು ಗೊತ್ತಿಲ್ಲದೆ ಎಷ್ಟು ಜನ ರಾತ್ರಿ ನಿದ್ದೆ ಬಿಟ್ಟಿದ್ದಾರೋ! ಆದರೆ ಒಂದು ಎಚ್ಚರಿಕೆ. ಚೆಕ್ ಬೌನ್ಸ್ ಕೇಸು ಬೇರೆ. ಅದು ಕ್ರಿಮಿನಲ್ ಸ್ವರೂಪದ್ದು. ಅಲ್ಲಿ ಹೆಂಗಸರ ಮೇಲೂ ವಾರಂಟ್ ಬರಬಹುದು. ಕೈಲಿರೋ ಕಾಗದ ಯಾವುದು ಅಂತ ನೋಡಿ ಧೈರ್ಯ ತಂದುಕೊಳ್ಳಿ.

ಇನ್ನು ಗೆಳತಿಯ ಮನೆಗೆ ಬಂದ ಕಾಗದದ ಕಥೆ. ಅವಳ ಮಾವ 2010ರಲ್ಲಿ ಪರಿಚಯದವರೊಬ್ಬರ ಹತ್ತಿರ ಪ್ರೋನೋಟು ಬರೆದುಕೊಟ್ಟು ಒಂದೂವರೆ ಲಕ್ಷ ಸಾಲ ಮಾಡಿದ್ದರು. ತೀರಿಸಲಿಲ್ಲ. ಅವರು ತೀರ್ಥಹಳ್ಳಿ ಕೋರ್ಟಿಗೆ ಹೋದರು. 2014ರಲ್ಲಿ ತೀರ್ಪಾಗಿ 1,86,000 ರೂಪಾಯಿಗೆ ಡಿಕ್ರಿಯಾಯ್ತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ ಮಹಾಶಯರು. (ಗಂಡಸರು ಸಾಲದ ವಿಷಯದಲ್ಲಿ ಇಷ್ಟು ಗುಟ್ಟು ಯಾಕೆ ಮಾಡ್ತಾರೋ, ಅದನ್ನೇ ಒಂದು ಲೇಖನ ಬರೆಯಬಹುದು.) ಹತ್ತು ವರ್ಷ ಸುಮ್ಮನಿದ್ದ ಸಾಲಗಾರರು 2024ರಲ್ಲಿ ಅಮಲ್ಜಾರಿ ಅರ್ಜಿ ಹಾಕಿದರು. ಮಾವ ಇಲ್ಲವಾದ್ದರಿಂದ ಅತ್ತೆ, ಗೆಳತಿಯ ಗಂಡ, ನಾದಿನಿ ಮೂವರ ಹೆಸರಿಗೂ ನೋಟಿಸ್.

'ಹತ್ತು ವರ್ಷದ ಹಿಂದಿನ ಸಾಲ ಈಗ ಕೇಳೋಕೆ ಬರುತ್ತಾ?' ಅಂತ ನೀವು ಕೇಳಬಹುದು. ಬರುತ್ತೆ. ಇಲ್ಲಿ ಬಹಳ ಜನ ಗೊಂದಲ ಮಾಡಿಕೊಳ್ತಾರೆ. ಪ್ರೋನೋಟಿನ ಮೇಲೆ ದಾವೆ ಹಾಕೋಕೆ ಮೂರು ವರ್ಷದ ಗಡುವು ಅನ್ನೋದು ಹಳ್ಳಿಯಲ್ಲೂ ಗೊತ್ತು. ಆದರೆ ದಾವೆ ಹಾಕಿ ಡಿಕ್ರಿ ಸಿಕ್ಕಿದ ಮೇಲೆ ಲೆಕ್ಕ ಬೇರೆ. 1963ರ ಕಾಲಮಿತಿ ಕಾಯ್ದೆಯ 136ನೇ ಅನುಚ್ಛೇದದ ಪ್ರಕಾರ ಡಿಕ್ರಿ ಜಾರಿಗೆ 12 ವರ್ಷ ಸಮಯವಿದೆ. 2014ರ ಡಿಕ್ರಿಗೆ 2026ರವರೆಗೂ ಜೀವ ಇರುತ್ತೆ. ಅಷ್ಟರೊಳಗೆ ಅರ್ಜಿ ಬಿದ್ದರೆ ಸಾಕು, ಮುಗಿಯೋದು ಯಾವಾಗಲಾದರೂ ಆಗಬಹುದು. ಅಷ್ಟೂ ವರ್ಷ ಬಡ್ಡಿಯೂ ಕೂತು ಬೆಳೆಯುತ್ತೆ. ಸಾಮಾನ್ಯವಾಗಿ ಡಿಕ್ರಿಯ ನಂತರದ ಬಡ್ಡಿ ಅಸಲಿನ ಮೇಲೆ ವರ್ಷಕ್ಕೆ ಶೇ 6ರೊಳಗೆ. ವ್ಯಾಪಾರದ ಸಾಲವಾದರೆ ಹೆಚ್ಚೂ ಇರಬಹುದು. ಗೆಳತಿಯ ಮಾವನ ಲೆಕ್ಕದಲ್ಲಿ ಒಂದೂವರೆ ಲಕ್ಷಕ್ಕೆ ವರ್ಷಕ್ಕೆ 9,000, ಹತ್ತು ವರ್ಷಕ್ಕೆ 90,000. ಹೀಗೆ 2,76,000 ಆಗಿ ಕೂತಿತ್ತು.

ಕಾಗದ ಕೈಗೆ ಬಂದಾಗ

ಮೊದಲು ಒಂದು ಲೋಟ ನೀರು ಕುಡಿಯಿರಿ. ಆಮೇಲೆ ಕನ್ನಡಕ ಹಾಕಿಕೊಂಡು ಓದಿ. ಯಾವ ಕೋರ್ಟು, ಯಾವ ಊರು, ಅಮಲ್ಜಾರಿ ಅರ್ಜಿಯ ನಂಬರು, ಮೂಲ ದಾವೆಯ ನಂಬರು, ಅರ್ಜಿ ಹಾಕಿದವರು ಯಾರು, ಎಷ್ಟು ಹಣ, ವಾಯಿದೆ ಎಂದು ಅನ್ನೋದನ್ನ ಒಂದು ಹಾಳೆಯಲ್ಲಿ ಬರೆದಿಡಿ. ಕಾಗದ ಬಂದ ತಾರೀಖನ್ನು ಮೂಲೆಯಲ್ಲಿ ಗುರುತು ಹಾಕಿಕೊಳ್ಳಿ, ಮುಂದೆ ಇದೇ ಮುಖ್ಯವಾಗಬಹುದು. ಅಮೀನರ ಹತ್ತಿರ ಜಗಳ ಬೇಡ. ಪಾಪ, ಅವರು ಹೇಳಿದ ಕೆಲಸ ಮಾಡುವವರು. ಅವರಿಗೆ ಬೈದರೆ ಡಿಕ್ರಿ ರದ್ದಾಗೋದಿಲ್ಲ.

ಕಾಗದ ಅಸಲಿಯೋ ನಕಲಿಯೋ ಅಂತ ನೋಡೋದೂ ಈಗ ಅಗತ್ಯ. ವಾಟ್ಸ್ಆ್ಯಪ್‌ನಲ್ಲಿ ಕೋರ್ಟಿನ ಲಾಂಛನ ಹಾಕಿ 'ಇವತ್ತು ಸಂಜೆಯೊಳಗೆ ಕಟ್ಟದಿದ್ದರೆ ಅರೆಸ್ಟ್' ಅಂತ ಹೆದರಿಸುವ ಪುಣ್ಯಾತ್ಮರು ಬೇಕಾದಷ್ಟಿದ್ದಾರೆ. ಇ-ಕೋರ್ಟ್ಸ್ ಆ್ಯಪ್ ಮೊಬೈಲಿಗೆ ಹಾಕಿಕೊಂಡು ಕೇಸಿನ ನಂಬರು ಅಥವಾ ಕಕ್ಷಿದಾರರ ಹೆಸರು ಕೊಟ್ಟರೆ ಕೇಸು ಇದೆಯೋ ಇಲ್ಲವೋ, ಮುಂದಿನ ವಾಯಿದೆ ಯಾವಾಗ ಅನ್ನೋದು ಸಿಗುತ್ತೆ. ಮಕ್ಕಳಿಗೆ ಹೇಳಿದರೆ ಐದು ನಿಮಿಷದ ಕೆಲಸ. ಬ್ಯಾಂಕು, ಫೈನಾನ್ಸಿನವರು ಕಳಿಸುವ 'ಲೋಕ ಅದಾಲತ್‌ಗೆ ಬನ್ನಿ' ಅನ್ನೋ ಕಾಗದವನ್ನೂ ಅಮಲ್ಜಾರಿ ನೋಟಿಸ್ ಅಂದುಕೊಳ್ಳಬೇಡಿ. ಎಷ್ಟೋ ಸಲ ಅದು ಕೇಸೇ ಹಾಕದೆ ರಾಜಿಗೆ ಕರೆಯುವ ಕಾಗದ ಅಷ್ಟೆ. ಇನ್ನು ಕೆಲವು ಫೈನಾನ್ಸ್ ಕಂಪನಿಗಳು ಕೋರ್ಟಿಗೆ ಹೋಗದೆ ಮಧ್ಯಸ್ಥಿಕೆದಾರರಿಂದ ತೀರ್ಪು ತರ್ತಾರೆ. ಅದನ್ನೂ ಡಿಕ್ರಿಯ ಹಾಗೇ ಜಾರಿ ಮಾಡಬಹುದು. 'ನಾವು ಕೋರ್ಟಿನ ಮೆಟ್ಟಿಲೇ ಹತ್ತಿಲ್ಲವಲ್ಲ' ಅಂತ ಆಶ್ಚರ್ಯಪಡುವವರ ಕಾಗದ ಹೆಚ್ಚಾಗಿ ಇದೇ ಆಗಿರುತ್ತೆ.

ಇದಾದ ಮೇಲೆ ವಕೀಲರು. 'ಫೀಸು ಎಲ್ಲಿಂದ ತರೋದು?' ಅನ್ನೋ ಚಿಂತೆ ಹೆಂಗಸರಿಗೆ ಬೇಡವೇ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರಿಗೆ ಉಚಿತ ಕಾನೂನು ನೆರವು ಹಕ್ಕು. ಆದಾಯ ಎಷ್ಟು ಅಂತ ಕೇಳುವಂತಿಲ್ಲ. ಗಂಡನಿಗೆ ಒಳ್ಳೆ ಸಂಬಳ ಇದ್ದರೂ ನಿಮ್ಮ ಹೆಸರಿಗೆ ನೋಟಿಸ್ ಬಂದಿದ್ದರೆ ನಿಮಗೆ ವಕೀಲರನ್ನು ಕೊಡಬೇಕು. ತಾಲ್ಲೂಕು ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿ, ಶಿವಮೊಗ್ಗದಂಥ ಜಿಲ್ಲಾ ಕೇಂದ್ರದಲ್ಲಿ ಜಿಲ್ಲಾ ಪ್ರಾಧಿಕಾರ ಇರುತ್ತೆ. ಒಂದು ಅರ್ಜಿ ಬರೆದುಕೊಟ್ಟರಾಯ್ತು. ಫೋನಿನಲ್ಲಿ ಕೇಳುವುದಾದರೆ 15100. ಗೆಳತಿಯ ಅತ್ತೆ ಮೊದಲು 'ಸರ್ಕಾರಿ ವಕೀಲ್ರು ಸರಿಯಾಗಿ ನೋಡ್ತಾರೇನೆ' ಅಂತ ರಾಗ ಎಳೆದರಂತೆ. ಕೊನೆಗೆ ತೀರ್ಥಹಳ್ಳಿಯಲ್ಲಿ ಸಿಕ್ಕ ವಕೀಲರು ಚೆನ್ನಾಗಿಯೇ ನೋಡಿದರು.

ವಕೀಲರು ಮೊದಲು ಮಾಡಿದ್ದು ಹಳೇ ಡಿಕ್ರಿಯ ದೃಢೀಕೃತ ನಕಲು ತೆಗೆಸಿದ್ದು. ಇದನ್ನು ನೀವೂ ಮಾಡಿ. ನೋಟಿಸಿನಲ್ಲಿ ಬರೆದ ಮೊತ್ತ ಡಿಕ್ರಿಯಲ್ಲಿರುವ ಮೊತ್ತಕ್ಕೆ ಸರಿಹೊಂದುತ್ತಾ, ಬಡ್ಡಿ ಎಷ್ಟು ಅಂದಿದ್ದಾರೆ, ಅಸಲಿನ ಮೇಲಾ ಅಥವಾ ಇಡೀ ಮೊತ್ತದ ಮೇಲಾ ಅಂತ ಪೆನ್ನು ಹಿಡಿದು ಲೆಕ್ಕ ಹಾಕಿ. ಹಾಲಿನ ಲೆಕ್ಕ, ಚೀಟಿ ಲೆಕ್ಕ ಇಡುವ ನಮಗೆ ಇದೇನೂ ಕಷ್ಟವಲ್ಲ. ಮೂಲ ದಾವೆಯ ಸಮನ್ಸೇ ಮುಟ್ಟದೆ ಏಕಪಕ್ಷೀಯವಾಗಿ ಡಿಕ್ರಿ ಆಗಿದ್ದರೆ ಅದನ್ನು ರದ್ದು ಮಾಡಿಸುವ ಅರ್ಜಿಗೆ ಅವಕಾಶವಿದೆ. ಆದರೆ ಗಡುವು ಡಿಕ್ರಿಯ ವಿಷಯ ತಿಳಿದ ದಿನದಿಂದ 30 ದಿನ ಮಾತ್ರ. ತಡವಾದರೆ ಯಾಕೆ ತಡವಾಯ್ತು ಅಂತ ಕೋರ್ಟಿಗೆ ಒಪ್ಪುವ ಕಾರಣ ಕೊಡಬೇಕು. ಕಾಗದ ಬಂದ ತಾರೀಖು ಬರೆದಿಡಿ ಅಂದೆನಲ್ಲ, ಇದಕ್ಕೇ. ಹಾಗಿಲ್ಲದೆ ಜಾರಿ ಮಾಡುವ ಕೋರ್ಟಿನ ಮುಂದೆ 'ಆ ಸಾಲವೇ ಸುಳ್ಳು, ಆ ಸಹಿ ನಮ್ಮದಲ್ಲ' ಅಂತ ವಾದ ಮಾಡಿ ಪ್ರಯೋಜನವಿಲ್ಲ. ಆ ಮಾತು ದಾವೆ ನಡೆಯುವಾಗಲೇ ಹೇಳಬೇಕಿತ್ತು ಅಂತಾರೆ.

ಮಾವನ ಸಾಲ ಸೊಸೆಯ ಬಳೆಗೆ ಬರುತ್ತಾ?

ಗೆಳತಿಗೆ ನಿದ್ದೆ ಕೆಡಿಸಿದ್ದು ಈ ಪ್ರಶ್ನೆ. ಗಂಡನ ಸಂಬಳ, ಬೆಂಗಳೂರಿನ ಫ್ಲ್ಯಾಟು, ತವರಿನವರು ಹಾಕಿದ ಒಡವೆ, ಎಲ್ಲವನ್ನೂ ಮಾವನ ಸಾಲಕ್ಕೆ ಎಳೀತಾರಾ ಅಂತ. ಇಲ್ಲ. ಸತ್ತವರ ಡಿಕ್ರಿಯನ್ನು ವಾರಸುದಾರರ ಮೇಲೆ ಜಾರಿ ಮಾಡುವಾಗ, ಸತ್ತವರ ಆಸ್ತಿ ವಾರಸುದಾರರ ಕೈಗೆ ಎಷ್ಟು ಬಂದಿದೆಯೋ ಅಷ್ಟಕ್ಕೆ ಮಾತ್ರ ಹೊಣೆ. ಅಂದರೆ ಕೋಣಂದೂರಿನ ತೋಟದಲ್ಲಿ ಮಾವನ ಪಾಲಿಗೆ ಬಂದದ್ದು ಸಾಲಕ್ಕೆ ಬಾಧ್ಯ. ಮಗ ದುಡಿದು ಕೊಂಡ ಫ್ಲ್ಯಾಟು ಬಾಧ್ಯವಲ್ಲ. 'ಅಪ್ಪನ ಸಾಲ ತೀರಿಸೋದು ಮಗನ ಧರ್ಮ' ಅನ್ನೋ ಹಳೇ ಹಿಂದೂ ಕಾನೂನಿನ ನಿಯಮವೂ 2005ರ ಸೆಪ್ಟೆಂಬರ್ 9ರ ನಂತರ ಮಾಡಿದ ಸಾಲಗಳಿಗೆ ಅನ್ವಯಿಸುವುದಿಲ್ಲ. ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ ತಿದ್ದುಪಡಿಯಲ್ಲೇ ಇದನ್ನೂ ಸೇರಿಸಿದ್ದಾರೆ. ಮಗನಾಗಿ ಮನಸ್ಸಿಗೆ ತೋಚಿದರೆ ತೀರಿಸಲಿ, ಅದು ಬೇರೆ ಮಾತು.

ನಾದಿನಿಗೂ ನೋಟಿಸ್ ಬಂತಲ್ಲ, ಅವಳಿಗೆ ಕೋಪ. 'ನಾನು ಮದುವೆಯಾಗಿ ಹೋಗಿ ಇಪ್ಪತ್ತು ವರ್ಷ ಆಯ್ತು, ನಂಗೇನು ಸಂಬಂಧ?' ಅಂತ. ಪಾಲು ಕೇಳುವ ಹಕ್ಕು ಇದ್ದ ಮೇಲೆ ನೋಟಿಸೂ ಬರುತ್ತೆ, ಏನಂತೀರಿ? ಆದರೆ ಅವಳ ಸ್ವಂತದ್ದಕ್ಕೆ ಏನೂ ಧಕ್ಕೆಯಿಲ್ಲ. ಇನ್ನು ಸೊಸೆ. ಗಂಡ ಬದುಕಿರುವಾಗ ಅವಳು ಮಾವನ ವಾರಸುದಾರಳೇ ಅಲ್ಲ.

ಹಾಗಾದರೆ ಬದುಕಿರುವ ಗಂಡನದ್ದೇ ಡಿಕ್ರಿಯಾಗಿದ್ದರೆ? ಆಗಲೂ ಹೆಂಡತಿಯ ಸ್ವಂತ ಆಸ್ತಿ, ಸ್ತ್ರೀಧನ ಅವಳದ್ದೇ. ತಪ್ಪಿ ಅದನ್ನೂ ಜಪ್ತಿ ಮಾಡಿದರೆ 'ಇದು ನನ್ನದು' ಅಂತ ಅದೇ ಕೋರ್ಟಿನಲ್ಲಿ ತಕರಾರು ಅರ್ಜಿ ಹಾಕಬಹುದು. ಬಿಲ್ಲು, ಮದುವೆಯ ಫೋಟೋ, ಬ್ಯಾಂಕಿನ ಪಾಸ್‌ಬುಕ್ಕು ಜೋಪಾನವಾಗಿಟ್ಟಿದ್ದರೆ ಕೆಲಸಕ್ಕೆ ಬರುತ್ತೆ. ತಡಮಾಡಿ ಹರಾಜಾದ ಮೇಲೆ ಹೋದರೆ ಆ ತಕರಾರನ್ನು ಅಲ್ಲಿ ಕೇಳುವುದಿಲ್ಲ. ಒಂದೇ ಒಂದು ಕಡೆ ನಾವು ಸಿಕ್ಕಿಹಾಕಿಕೊಳ್ಳೋದು ಅಂದರೆ ಜಾಮೀನು. 'ಇಲ್ಲೊಂದು ಸೈನ್ ಹಾಕು ಮಾರಾಯ್ತಿ' ಅಂದಾಗ ಓದದೆ ಹಾಕಿದ ಸಹಿ. ಜಾಮೀನುದಾರರ ಹೊಣೆ ಸಾಲ ಮಾಡಿದವರಷ್ಟೇ ಅನ್ನುತ್ತೆ 1872ರ ಕರಾರು ಕಾಯ್ದೆ. ಮೊದಲು ಗಂಡನ ಹತ್ತಿರ ವಸೂಲು ಮಾಡಿ ಆಮೇಲೆ ನನ್ನ ಹತ್ತಿರ ಬನ್ನಿ ಅನ್ನೋ ಮಾತು ಸಾಮಾನ್ಯವಾಗಿ ನಡೆಯೋದಿಲ್ಲ.

ಜಪ್ತಿಗೆ ಸಿಗದ ವಸ್ತುಗಳ ಒಂದು ಪಟ್ಟಿಯೇ 60ನೇ ಕಲಂನಲ್ಲಿದೆ. ಓದುವಾಗ ನನಗೆ ಖುಷಿಯಾಯ್ತು, ಬ್ರಿಟಿಷರ ಕಾಲದಲ್ಲಿ ಬರೆದದ್ದಾದರೂ ಅಡುಗೆಮನೆಯನ್ನು ಮರೆತಿಲ್ಲ. ಸಾಲಗಾರ, ಹೆಂಡತಿ, ಮಕ್ಕಳ ಅಗತ್ಯದ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಹೊದಿಕೆ ಮುಟ್ಟುವಂತಿಲ್ಲ. ಧಾರ್ಮಿಕ ಸಂಪ್ರದಾಯದ ಪ್ರಕಾರ ಹೆಂಗಸು ಮೈಮೇಲಿಂದ ತೆಗೆಯಬಾರದ ಒಡವೆಯನ್ನೂ ಮುಟ್ಟುವಂತಿಲ್ಲ. ತಾಳಿಯ ಮೇಲೆ ಯಾವ ಅಮೀನರೂ ಕೈ ಹಾಕುವ ಹಾಗಿಲ್ಲ ಅಂತ ಅರ್ಥ. ಕೃಷಿಕರ ನೇಗಿಲು ನೊಗ, ಬದುಕಿಗೆ ಬೇಕಾದ ದನಕರು, ಬಿತ್ತನೆ ಬೀಜ, ಕುಶಲಕರ್ಮಿಯ ಉಪಕರಣಗಳೂ (ದರ್ಜಿಯ ಹೊಲಿಗೆ ಮೆಷಿನ್ನು ಅಂದುಕೊಳ್ಳಿ) ಹಾಗೇ. ಭವಿಷ್ಯನಿಧಿ, ಸರ್ಕಾರಿ ಪಿಂಚಣಿ, ಜೀವವಿಮೆಯ ಹಣ ಕೂಡ ಸುರಕ್ಷಿತ. ಟಿ.ವಿ., ಫ್ರಿಜ್ಜು, ಸ್ಕೂಟರು, ಬ್ಯಾಂಕಿನ ಠೇವಣಿ ಈ ಪಟ್ಟಿಯಲ್ಲಿಲ್ಲ.

ಸಂಬಳದ ಲೆಕ್ಕ ಹೀಗೆ. ಮೊದಲ 1,000 ರೂಪಾಯಿ, ಉಳಿದದ್ದರಲ್ಲಿ ಮೂರರಲ್ಲಿ ಎರಡು ಪಾಲು ಮುಟ್ಟುವಂತಿಲ್ಲ. ಸಂಬಳ 31,000 ಅಂದುಕೊಳ್ಳಿ. ಸಾವಿರ ತೆಗೆದರೆ 30,000, ಅದರ ಮೂರನೇ ಒಂದು ಪಾಲು, ಅಂದರೆ 10,000 ಮಾತ್ರ ತಿಂಗಳಿಗೆ ಹಿಡಿಯಬಹುದು. ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಹಿಡಿದ ಮೇಲೆ ಆ ಡಿಕ್ರಿಗೆ ಸಂಬಳ ಮತ್ತೆ ಸಿಗೋದಿಲ್ಲ. ಜೀವನಾಂಶದ ಡಿಕ್ರಿಗೆ ಮಾತ್ರ ಬೇರೆ ನಿಯಮ. ಹೆಂಡತಿ ಮಕ್ಕಳ ಊಟದ ಹಣಕ್ಕೆ ಸಂಬಳದ ಮೂರರಲ್ಲಿ ಎರಡು ಪಾಲನ್ನೂ ಹಿಡಿಯಬಹುದು, ಅದು ಸರಿಯೇ.

ಮಲೆನಾಡಿನ ಮನೆಗಳಿಗೆ ಮುಖ್ಯವಾದದ್ದು ಇನ್ನೊಂದಿದೆ. ಕೃಷಿಕರು ತಾವೇ ವಾಸವಾಗಿರುವ ಮನೆ, ಅದಕ್ಕೆ ಹೊಂದಿಕೊಂಡ ಅಂಗಳ, ಕೊಟ್ಟಿಗೆ ಇವೂ ಜಪ್ತಿಯಿಂದ ಹೊರಗೆ. ಗೆಳತಿಯ ಅತ್ತೆ ಅದೇ ಮನೆಯಲ್ಲಿದ್ದುಕೊಂಡು ತಾವೇ ತೋಟ ನೋಡಿಕೊಳ್ಳುವವರಾದ್ದರಿಂದ ವಕೀಲರು ಮೊದಲು ಈ ಆಕ್ಷೇಪಣೆ ಹಾಕಿದರು. ಆದರೆ ತೋಟಕ್ಕೆ ಈ ರಕ್ಷಣೆಯಿಲ್ಲ. ಮನೆಯನ್ನೇ ಅಡಮಾನ ಇಟ್ಟು ಸಾಲ ಮಾಡಿದ್ದರೆ ಆ ಮನೆಗೂ ಇಲ್ಲ. ಎಲೆಚುಕ್ಕಿ ರೋಗ, ಕೊಳೆರೋಗ ಅಂತ ಒಂದಲ್ಲ ಒಂದು ಕಾಟದಲ್ಲಿರುವ ಅಡಿಕೆಯವರಿಗೆ ತೋಟ ಅಂದರೆ ಏನು ಅಂತ ಹೇಳಬೇಕಾಗಿಲ್ಲ ಅಲ್ವಾ?

ಜಪ್ತಿಗೆ ಬಂದರೂ ಸಮಯ ಅಂತ ಒಂದಿದೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ವಾಸದ ಮನೆಯೊಳಗೆ ಬರುವಂತಿಲ್ಲ. ರಾತ್ರಿ ಬಂದು ಬಾಗಿಲು ಬಡಿಯುವವರು, ಫೋನಿನಲ್ಲಿ ಕೆಟ್ಟ ಮಾತಾಡುವವರು ಕೋರ್ಟಿನವರಲ್ಲ. ಅಂಥವರ ಮೇಲೆ ಪೊಲೀಸರಿಗೆ ದೂರು ಕೊಡಿ. ಕಿರುಸಾಲದ ಕಿರುಕುಳ ತಡೆಯೋಕೆ ಕರ್ನಾಟಕದಲ್ಲಿ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯೇ ಬಂತು. ಆದರೆ ಅದು ಬಲಾತ್ಕಾರದ ವಸೂಲಿಗೆ ತಡೆ. ಕೋರ್ಟಿನ ಡಿಕ್ರಿಗಲ್ಲ.

ಗಂಡಸರ ಬಂಧನದ ವಿಷಯವೂ ಹೇಳಿಬಿಡ್ತೀನಿ, ಮನೆಯಲ್ಲಿ ಅವರಿಗಿಂತ ನಮಗೇ ಅದರ ಭಯ ಜಾಸ್ತಿ. ಹಣದ ಡಿಕ್ರಿಗೆ ಗಂಡಸರನ್ನು ಸಿವಿಲ್ ಜೈಲಿಗೆ ಕಳಿಸಲು ಅವಕಾಶವಿದೆ. ಮೊತ್ತ 5,000 ರೂಪಾಯಿ ಮೀರಿದರೆ ಹೆಚ್ಚೆಂದರೆ ಮೂರು ತಿಂಗಳು. ಆದರೆ ಕೈಲಾಗದವನನ್ನು ಕಳಿಸುವಂತಿಲ್ಲ. ಜಾಲಿ ಜಾರ್ಜ್ ವರ್ಗೀಸ್ ಮತ್ತು ಬ್ಯಾಂಕ್ ಆಫ್ ಕೊಚ್ಚಿನ್ ನಡುವಿನ ಕೇಸಿನಲ್ಲಿ 1980ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಇದನ್ನು ಸ್ಪಷ್ಟ ಮಾಡಿದ್ದಾರೆ. ಬಡತನಕ್ಕಾಗಿ ಯಾರನ್ನೂ ಜೈಲಿಗೆ ಹಾಕುವಂತಿಲ್ಲ. ಕಟ್ಟುವ ಶಕ್ತಿಯಿದ್ದೂ ಕೆಟ್ಟ ಬುದ್ಧಿಯಿಂದ ಕಟ್ಟದೆ ಇದ್ದಾನೆ ಅಂತ ತೋರಿಸಬೇಕು. ಅದಕ್ಕೇ ಸಾಮಾನ್ಯವಾಗಿ ಮೊದಲು 'ಯಾಕೆ ಜೈಲಿಗೆ ಕಳಿಸಬಾರದು, ಬಂದು ಹೇಳಿ' ಅಂತ ನೋಟಿಸ್ ಕೊಡ್ತಾರೆ. ಆ ದಿನ ಹೋಗಿ ಆದಾಯ, ಖರ್ಚು, ಕಾಯಿಲೆಯ ಬಿಲ್ಲು ಎಲ್ಲಾ ತೋರಿಸಿ ಹೇಳಿಕೊಳ್ಳಬೇಕು. ಹೋಗದಿದ್ದರೇ ವಾರಂಟ್. ಜೈಲಿನಲ್ಲಿರುವಷ್ಟು ದಿನ ಊಟದ ಖರ್ಚು ಡಿಕ್ರಿದಾರರೇ ಕಟ್ಟಬೇಕು, ಜೈಲಿಗೆ ಹೋಗಿಬಂದರೂ ಸಾಲ ತೀರೋದಿಲ್ಲ.

ಅಂಗಳದಲ್ಲಿ ಕೊಟ್ಟ ಅರವತ್ತು ಸಾವಿರ

ಗೆಳತಿಯ ಅತ್ತೆ ಹಳೇ ಟ್ರಂಕು ಹುಡುಕುವಾಗ ಒಂದು ಚೀಟಿ ಸಿಕ್ಕಿತು. 2016ರಲ್ಲಿ ಅಡಿಕೆ ಮಾರಿದ ದುಡ್ಡಿನಲ್ಲಿ ಮಾವ 60,000 ರೂಪಾಯಿ ಕೊಟ್ಟಿದ್ದರು, ಪಡೆದವರ ಸಹಿಯೂ ಇತ್ತು. ಎಲ್ಲರಿಗೂ ಹೋದ ಜೀವ ಬಂದ ಹಾಗಾಯ್ತು. ವಕೀಲರು ಮಾತ್ರ ಚೀಟಿ ನೋಡಿ ಮುಖ ಸಪ್ಪೆ ಮಾಡಿದರು.

ಯಾಕೆಂದರೆ ಡಿಕ್ರಿಯಾದ ಮೇಲೆ ಕೋರ್ಟಿನ ಹೊರಗೆ ಕೊಟ್ಟ ಹಣವನ್ನು ಕೋರ್ಟಿನಲ್ಲಿ ದಾಖಲು ಮಾಡಿಸಬೇಕು. ಮಾಡಿಸದ ಹಣವನ್ನು ಜಾರಿ ಮಾಡುವ ಕೋರ್ಟು ಲೆಕ್ಕಕ್ಕೆ ತಗೊಳ್ಳುವಂತಿಲ್ಲ. ದಾಖಲು ಮಾಡುವ ಕರ್ತವ್ಯ ಹಣ ಪಡೆದವರದ್ದು. ಅವರು ಮಾಡದಿದ್ದರೆ ಕೊಟ್ಟವರೇ 30 ದಿನದೊಳಗೆ ಅರ್ಜಿ ಹಾಕಬೇಕು. ಇದು ಸಿವಿಲ್ ಸಂಹಿತೆಯ 21ನೇ ಆದೇಶದ 2ನೇ ನಿಯಮ. ಈ ಪುಟ ಓದುವವರಲ್ಲಿ ಒಬ್ಬರಾದರೂ ಇದೊಂದನ್ನು ನೆನಪಿಟ್ಟುಕೊಂಡರೆ ನಾನು ಬರೆದದ್ದು ಸಾರ್ಥಕ. ನಮ್ಮ ಕಡೆ ಮಾತಿಗೆ ಬೆಲೆ ಜಾಸ್ತಿ, ಜಗಲಿಯಲ್ಲಿ ಕೂತು ಎಲೆಅಡಿಕೆ ಹಾಕಿಕೊಂಡು ಹಣ ಎಣಿಸಿಕೊಟ್ಟು ಎದ್ದುಬಿಡ್ತಾರೆ. ಡಿಕ್ರಿಯ ಹಣಕ್ಕೆ ಆ ರೂಢಿ ನಡೆಯೋದಿಲ್ಲ. ನೇರವಾಗಿ ಕೋರ್ಟಿಗೆ ಕಟ್ಟಿ, ಇಲ್ಲವೇ ಬ್ಯಾಂಕಿನ ಮೂಲಕ ಅಥವಾ ಮನಿಯಾರ್ಡರಿನಲ್ಲಿ ಕಳಿಸಿ, ಕೇಸಿನ ನಂಬರು ಬರೆಯಿರಿ, ರಸೀದಿ ಇಟ್ಟುಕೊಳ್ಳಿ. ಕೋರ್ಟಿಗೆ ಕಟ್ಟಿ ಅವರಿಗೆ ನೋಟಿಸ್ ಮುಟ್ಟಿಸಿದರೆ ಆ ದಿನದಿಂದ ಅಷ್ಟು ಹಣಕ್ಕೆ ಬಡ್ಡಿಯೂ ನಿಲ್ಲುತ್ತೆ.

ಹಾಗಂತ ಚೀಟಿಯನ್ನು ಎಸೆಯಲಿಲ್ಲ. ಪಡೆದವರೇ ಒಪ್ಪಿಕೊಂಡರೆ ಬೇರೆ ಮಾತಲ್ಲವೇ? ವಕೀಲರು ಕೇಸನ್ನು ಲೋಕ ಅದಾಲತ್‌ಗೆ ಕಳಿಸಿ ಅಂತ ಕೇಳಿದರು. ಡಿಕ್ರಿಯಾದ ಕೇಸು ಅಲ್ಲಿಗೆ ಹೋಗೋದಿಲ್ಲ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹೋಗುತ್ತೆ, ಅಮಲ್ಜಾರಿ ಅರ್ಜಿಗಳೂ ಅಲ್ಲಿ ರಾಜಿಯಾಗುತ್ತವೆ. ಶುಲ್ಕವಿಲ್ಲ. ಅಲ್ಲಿ ಎರಡೂ ಕಡೆಯವರು ಎದುರುಬದುರು ಕೂತರು. ಗೆಳತಿಯ ಅತ್ತೆ ಚೀಟಿ ಮುಂದಿಟ್ಟು, 'ಇದು ನಿಮ್ ಸಹಿನೇ ಅಲ್ದಾ?' ಅಂತ ಒಂದೇ ಮಾತು ಕೇಳಿದರಂತೆ. ಹಳೇ ಪರಿಚಯ, ಮನೆಗೆ ಬಂದು ಊಟ ಮಾಡಿದವರು. ಸುಳ್ಳು ಹೇಳೋಕೆ ಬಾಯಿ ಬರಲಿಲ್ಲ. ಅವರಿಗೂ ಅವರದ್ದೇ ತಾಪತ್ರಯ ಇತ್ತು, ಮಗಳ ಮದುವೆಗೆ ಹಣ ಬೇಕಾಗಿತ್ತು. ಸಾಲ ಕೊಟ್ಟು ಹದಿನಾಲ್ಕು ವರ್ಷ ಕಾದವರನ್ನು ಖಳನಾಯಕ ಅನ್ನೋಕೂ ನನಗೆ ಮನಸ್ಸಿಲ್ಲ. ಎರಡು ಲಕ್ಷಕ್ಕೆ ಮುಗಿಸೋಣ, ಐವತ್ತು ಸಾವಿರದಂತೆ ನಾಲ್ಕು ಕಂತು ಅಂತ ಆಯ್ತು. ಕಂತು ತಪ್ಪಿದರೆ ಏನು ಅನ್ನೋದನ್ನೂ ಬರೆಸಿದರು. ರಾಜಿಗೆ ಸಹಿ ಹಾಕುವ ಮೊದಲು ಈ ಸಾಲನ್ನು ಎರಡು ಸಲ ಓದಿ. ಯಾಕಂದರೆ ಲೋಕ ಅದಾಲತ್‌ನಲ್ಲಿ ಆದದ್ದರ ಮೇಲೆ ಅಪೀಲು ಇಲ್ಲ. ಒಂದು ಕಂತು ತಪ್ಪಿದರೆ ಪೂರ್ತಿ ಹಳೇ ಮೊತ್ತ ಅಂತ ಬರೆದಿದ್ದರೆ ಕಷ್ಟ.

ಈ ಮಧ್ಯೆ ಗೆಳತಿಯ ಗಂಡನಿಗೆ ಯಾರೋ ಬುದ್ಧಿವಂತರು ಸಲಹೆ ಕೊಟ್ಟಿದ್ದರು. ತೋಟವನ್ನು ಹೆಂಡತಿಯ ಹೆಸರಿಗೆ ದಾನಪತ್ರ ಮಾಡಿಬಿಡು ಅಂತ. 'ನಿನ್ನ ಹೆಸರಿಗೇ ಮಾಡ್ತೀನಿ' ಅಂದರೆ ಯಾವ ಹೆಂಡತಿಗೆ ಬೇಡ ಅನ್ನಿಸುತ್ತೆ ಹೇಳಿ? ಆದರೆ ಜಪ್ತಿ ಆದ ಮೇಲೆ ಮಾಡಿದ ಪರಭಾರೆ ಡಿಕ್ರಿದಾರರ ಹಕ್ಕಿನ ಮುಂದೆ ನಿಲ್ಲೋದಿಲ್ಲ. ಜಪ್ತಿಗೆ ಮೊದಲೇ ಮಾಡಿದರೂ ಸಾಲ ತಪ್ಪಿಸಲು ಮಾಡಿದ್ದು ಅಂತ ರುಜುವಾದರೆ ರದ್ದು ಮಾಡಿಸಬಹುದು. ಮೇಲಿಂದ 'ಕೆಟ್ಟ ಬುದ್ಧಿ ಇದೆ' ಅನ್ನೋಕೆ ನಾವೇ ಸಾಕ್ಷಿ ಕೊಟ್ಟ ಹಾಗೆ. ಬೇಡ ಅಂದುಬಿಡಿ.

'ಇನ್ನೂ ಹತ್ತು ವರ್ಷ ಎಳೀಬಹುದು ಬಿಡ್ರಿ' ಅನ್ನೋ ಸಲಹೆಗಾರರೂ ಇರ್ತಾರೆ. ಅವರ ಮಾತಲ್ಲೂ ಒಂದಿಷ್ಟು ಸತ್ಯವಿದೆ. ದೇಶದಲ್ಲಿ 8.82 ಲಕ್ಷಕ್ಕೂ ಹೆಚ್ಚು ಅಮಲ್ಜಾರಿ ಅರ್ಜಿಗಳು ಬಾಕಿ ಇವೆ ಅಂತ 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟೇ ಬೇಸರ ಪಟ್ಟುಕೊಂಡಿತು. ಆದರೆ ಕಾಲ ಬದಲಾಗ್ತಿದೆ. ಬೆಂಗಳೂರಿನ ಆಸ್ತಿಯೊಂದರ ಜಗಳದಲ್ಲಿ, ರಾಹುಲ್ ಷಾ ಕೇಸು ಅಂತಾರೆ, 2021ರಲ್ಲಿ ಅದೇ ಕೋರ್ಟು ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳಲ್ಲಿ ಮುಗಿಸಬೇಕು ಅಂತ ಹೇಳಿದೆ. 2025ರಲ್ಲಿ ಮತ್ತೆ ಅದನ್ನೇ ನೆನಪಿಸಿದೆ. ಎಳೆದಷ್ಟೂ ಬಡ್ಡಿ ಏರೋದು ನಮ್ಮ ತಲೆಯ ಮೇಲೇ.

ಸಾಲಮನ್ನಾದ ಆಸೆಯೂ ಅಷ್ಟೇ. 1976ರ ಋಣ ಪರಿಹಾರ ಕಾಯ್ದೆಯಲ್ಲಿ, ದೇವರಾಜ ಅರಸರ ಕಾಲದಲ್ಲಿ, ಬಡವರ ಸಾಲ ಹೋಗಿದ್ದು ನಿಜ. ಅದನ್ನು ನೆನಪಿಟ್ಟುಕೊಂಡ ಹಿರಿಯರು ಈಗಲೂ ಕಾಯ್ತಾ ಕೂರ್ತಾರೆ. 2019ರ ಜುಲೈಯಲ್ಲಿ ಜಾರಿಗೆ ಬಂದ ಇನ್ನೊಂದು ಋಣ ಪರಿಹಾರ ಕಾಯ್ದೆ ಸಣ್ಣ ರೈತರು, ಭೂಮಿ ಇಲ್ಲದ ಕೂಲಿಕಾರರು, ದುರ್ಬಲ ವರ್ಗದವರಿಗೆ. ಅದಕ್ಕೆ ಅರ್ಜಿ ಹಾಕುವ ಅವಧಿ ಮುಗಿದಿದೆ. ಸಹಕಾರ ಸಂಘದ ಬಾಕಿಯಾದರೆ ದಾರಿಯೇ ಬೇರೆ, ಸಹಕಾರ ಇಲಾಖೆಯ ತೀರ್ಪು, ಅವರದ್ದೇ ವಸೂಲಿ ಅಧಿಕಾರಿ. ಅಲ್ಲಿ ಒಮ್ಮೆಲೇ ತೀರುವಳಿಗೆ ಬಡ್ಡಿ ಬಿಡುವ ಯೋಜನೆ ಏನಾದರೂ ಇದೆಯಾ ಅಂತ ಸಂಘದಲ್ಲೇ ಕೇಳಿ.

ರಾಜಿಯೂ ಆಗದೆ ಹರಾಜಿನವರೆಗೆ ಹೋದರೆ? ಆಗಲೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಸಾಲಕ್ಕೆ ಎಷ್ಟು ಬೇಕೋ ಅಷ್ಟು ಭಾಗವನ್ನೇ ಮಾರಬೇಕು, ಎರಡು ಲಕ್ಷಕ್ಕೆ ಎರಡು ಎಕರೆಯನ್ನೂ ಹರಾಜು ಹಾಕಬೇಡಿ ಅಂತ ಕೇಳಬಹುದು. ನಾವೇ ಒಳ್ಳೆ ಬೆಲೆಗೆ ಒಂದಿಷ್ಟು ಮಾರಿ ಅಥವಾ ಅಡಮಾನ ಇಟ್ಟು ಕಟ್ಟುತ್ತೇವೆ, ಸಮಯ ಕೊಡಿ ಅಂತಲೂ ಕೇಳಬಹುದು. ಹರಾಜು ಆಗಿಹೋದರೂ 60 ದಿನದೊಳಗೆ ಡಿಕ್ರಿಯ ಬಾಕಿ, ಜೊತೆಗೆ ಕೊಂಡವರಿಗೆ ಅವರ ಬೆಲೆಯ ಶೇ 5ರಷ್ಟು ಸೇರಿಸಿ ಕಟ್ಟಿ ಅರ್ಜಿ ಹಾಕಿದರೆ ಹರಾಜು ರದ್ದಾಗುತ್ತೆ. ಒಡವೆ ಮಾರಿಯೋ, ತವರಿನಲ್ಲಿ ಕೇಳಿಯೋ ಜಮೀನು ಉಳಿಸಿಕೊಳ್ಳುವ ಮನಸ್ಸಿದ್ದವರಿಗೆ ಈ ಎರಡು ತಿಂಗಳು ದೊಡ್ಡದು. 61ನೇ ದಿನ ಹೋದರೆ ಮಾತ್ರ ಯಾರೂ ಕೇಳೋದಿಲ್ಲ.

ಎಲ್ಲಾ ಕಟ್ಟಿ ಮುಗಿಸಿದ ಮೇಲೂ ಎರಡು ಕೆಲಸ ಉಳಿದಿರುತ್ತೆ. ಡಿಕ್ರಿ ಪೂರ್ತಿ ತೀರಿದೆ ಅಂತ ಕೋರ್ಟಿನಲ್ಲಿ ದಾಖಲಾಗಿ ಅಮಲ್ಜಾರಿ ಅರ್ಜಿ ಮುಕ್ತಾಯವಾಗಬೇಕು. ಆ ಆದೇಶದ ದೃಢೀಕೃತ ನಕಲು ತಗೊಳ್ಳಿ. ಜಮೀನು ಜಪ್ತಿಯಾಗಿದ್ದರೆ ಜಪ್ತಿ ತೆರವಾದ ಆದೇಶವನ್ನು ತಾಲ್ಲೂಕು ಕಚೇರಿಗೂ ಉಪನೋಂದಣಿ ಕಚೇರಿಗೂ ಕೊಟ್ಟು, ಪಹಣಿಯ ಋಣದ ಕಲಂನಲ್ಲಿ, ಋಣಭಾರ ಪತ್ರದಲ್ಲಿ ಆ ನಮೂದು ಹೋಯಿತಾ ಅಂತ ಹೊಸ ಪ್ರತಿ ತೆಗೆಸಿ ನೋಡಿ. ಇಲ್ಲದಿದ್ದರೆ ಮುಂದೆ ಬೆಳೆಸಾಲಕ್ಕೆ ಹೋದಾಗ ಬ್ಯಾಂಕಿನವರು ಅದನ್ನೇ ತೋರಿಸ್ತಾರೆ. ಗೆಳತಿಯ ಗಂಡ ಕೊನೆಯ ಕಂತು ಕಟ್ಟಿದ ವಾರವೇ ರಜೆ ಹಾಕಿ ತೀರ್ಥಹಳ್ಳಿಗೆ ಹೋಗಿ ಈ ಕೆಲಸ ಮುಗಿಸಿಕೊಂಡು ಬಂದರು. ಪಹಣಿಯ ಒಂದು ಜೆರಾಕ್ಸ್ ಅತ್ತೆಯ ಟ್ರಂಕಿನಲ್ಲಿದೆ, ಇನ್ನೊಂದು ಬೆಂಗಳೂರಿನಲ್ಲಿ ಗೆಳತಿಯ ಬೀರುವಿನಲ್ಲಿ.